ಬೇರೆಯವರ ಗಂಡಂದಿರ ಹೆಸರು

ಇಲ್ಲಿಯವರೆಗೆ ನಾನು ಐವತ್ತಕ್ಕೂ ಹೆಚ್ಚು ಗಂಡಂದಿರ ಹೆಸರು ಹೇಳಿದ್ದೇನೆ. ನನಗಿನ್ನೂ ಮದುವೆಯಾಗಿಲ್ಲ.

ನಮ್ಮ ಕಡೆ ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೆ ಮಾತ್ರ ದಾರಿ. ಬರೀ ಹೆಸರು ಹೇಳಿದರೆ ನಡೆಯುವುದಿಲ್ಲ. ಎರಡು ಸಾಲಿನ ಪ್ರಾಸದೊಳಗೆ ಅದನ್ನು ಕೂರಿಸಬೇಕು. ಇದಕ್ಕೆ ನಾವು ಒಡಪು ಎನ್ನುತ್ತೇವೆ, ಮರಾಠಿ ಮನೆಗಳಲ್ಲಿ ಉಖಾಣಾ. ಗಡಿಯಲ್ಲಿರುವ ನಮ್ಮೂರು ಬೇಡಕಿಹಾಳದಲ್ಲಿ ಎರಡೂ ಬೇಕಾಗುತ್ತವೆ. ಕೆಲವು ಅತ್ತೆಯಂದಿರಿಗೆ ಸೊಸೆ ಮರಾಠಿಯಲ್ಲಿ ಹೇಳಿದರೆ ಮುನಿಸು, ಕೆಲವರಿಗೆ ಕನ್ನಡದಲ್ಲಿ ಹೇಳಿದರೆ.

ಆ ಒಡಪುಗಳನ್ನು ಕಟ್ಟಿಕೊಡುವವಳು ನಾನು, ಸ್ನೇಹಲ. ಮದುವೆ ಗೊತ್ತಾದ ಹುಡುಗಿ ಬಂದು ಕೂರುತ್ತಾಳೆ. ನಾನು ಕೇಳುತ್ತೇನೆ: ಅವನ ಮನೆ ಮುಂದೆ ಏನಿದೆ? ಬಾವಿಯೋ, ದನದ ಕೊಟ್ಟಿಗೆಯೋ, ಟ್ರ್ಯಾಕ್ಟರೋ? ಅತ್ತೆ ನಗುವವಳೋ, ಗಂಟು ಮುಖದವಳೋ? ಉತ್ತರ ನೋಡಿ ಸಾಲು ಕಟ್ಟುತ್ತೇನೆ. ಸಾಲು ಕಟ್ಟುವುದು ಅರ್ಧ ಕೆಲಸ. ಉಳಿದರ್ಧ ಹೇಳುವ ರೀತಿಯಲ್ಲಿದೆ. ನಾನು ತಲೆ ಮೇಲೆ ದುಪಟ್ಟಾ ಹೊದ್ದು, ಮದುಮಗಳ ಹಾಗೆ ಕಣ್ಣು ಕೆಳಗೆ ಹಾಕಿ, ಹೆಸರಿನ ಮುಂಚೆ ಒಂದು ಉಸಿರು ನಿಂತು, ಹೆಸರು ಹೇಳಿ, ಆಮೇಲೆ ಕಣ್ಣೆತ್ತಿ ತೋರಿಸುತ್ತೇನೆ. ಹಾಗಾಗಿ ಆ ಹೆಸರು ಮೊದಲು ಬರುವುದು ನನ್ನ ಬಾಯಿಂದ. ಹುಡುಗಿಯದು ಎರಡನೆಯ ಸರದಿ.

ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರು ನನ್ನ ಬಳಿ ಬಂದಿದ್ದರು ಎಂದು ಯಾರಿಗೂ ಹೇಳುವುದಿಲ್ಲ. ಒಡಪು ತನ್ನದೇ ಎಂದು ಸೊಸೆ ಹೇಳಿಕೊಳ್ಳಬೇಕು, ಅದರಲ್ಲೇ ಅದರ ರುಚಿ. ಹಗಲು ನಾನು ಚಿಕ್ಕೋಡಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯೂ ರಿಪೋರ್ಟ್ ಯಾರದೋ ಅವರ ಕೈಗೇ ಕೊಡುವುದು. ಪಕ್ಕದ ಮನೆಯವರು ಬಂದು ಹಲ್ಲು ಕಿರಿದರೂ ಕೊಡುವುದಿಲ್ಲ.

ಅಗ್ಗದ ಇಂಟರ್ನೆಟ್ ಬಂದು ಒಂದು ವರ್ಷವಾಗಿದ್ದ ಚಳಿಗಾಲ ಅದು. ಮುದುಕರು ಕೂಡ ಮುಂಜಾನೆ ಎದ್ದು ಒಬ್ಬರಿಗೊಬ್ಬರು ಗುಲಾಬಿ ಹೂವು ಕಳಿಸುತ್ತಿದ್ದರು. ನಮ್ಮ ಓಣಿಯ ಉಜ್ವಲಾಳ ಮದುವೆ ರಾಯಬಾಗ ತಾಲೂಕಿನ ಅಲಖನೂರಿನ ಸಂಗ್ರಾಮನ ಜೊತೆ ಗೊತ್ತಾಗಿತ್ತು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮದುವೆಗೆ ಎರಡು ವಾರ ಇರುವಾಗ ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು.

"ನನಗ ನೆನಪ ಉಳಿಯೂದಿಲ್ಲ ಬೇ," ಎಂದಳು ಉಜ್ವಲಾ. "ವಿಡಿಯೊ ಮಾಡ. ದಿನಾ ನೋಡಿ ಬಾಯಿಪಾಠ ಮಾಡ್ತೀನಿ."

ಅವಳ ಫೋನಿನಲ್ಲಿ ಜಾಗವಿರಲಿಲ್ಲ. ತುಂಬ ಸೀರೆಯ ಫೋಟೊಗಳು. ನನ್ನ ಫೋನು ಚಾರ್ಜ್ ಇಲ್ಲದೆ ಸತ್ತಿತ್ತು. ಅವಳ ಸೋದರಮಾವನ ಮಗ ಸುರಜ ಕೆಳಗೆ ಕೂತಿದ್ದ. ಅವನ ಫೋನು ಇಸಿದುಕೊಂಡು ಬಂದಳು. ಟ್ರಂಕಿನ ಮೇಲೆ ಅದನ್ನು ಆನಿಸಿಟ್ಟು, ನಾನು ದುಪಟ್ಟಾ ಹೊದ್ದು ಹೇಳಿದೆ:

"ಕಬ್ಬಿನ ಹೊಲದಾಗ ಗಾಳಿ ಬೀಸತೈತಿ ಸುಳಸುಳ,
ಸಂಗ್ರಾಮರಾಯರ ಹೆಸರಂದ್ರ ನನ್ನ ಮಾರಿ ಥಳಥಳ."

ಉಜ್ವಲಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಗೋಡೆಗೆ ಒರಗಿ ಕೂತು, ಕೆಲವು ಮಾತು ಹೇಳಿದಳು. ಫೋನು ನಡೆಯುತ್ತಲೇ ಇತ್ತು. ಇಬ್ಬರಿಗೂ ಅದರ ನೆನಪಿರಲಿಲ್ಲ. ಅವಳು ಏನು ಹೇಳಿದಳು ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ. ತಪ್ಪಿನ ಮಾತೇನಲ್ಲ. ಬಾಗಿಲು ಹಾಕಿಕೊಂಡಾಗ ಗೆಳತಿಗೆ ಹೇಳಿ ಹಗುರಾಗುವಂಥ ಮಾತು. ಆದರೆ ಅತ್ತೆಯ ಮನೆಯವರ ಕಿವಿಗೆ ಬಿದ್ದರೆ ಆ ಮದುವೆ ಅಲ್ಲಿಗೇ ಮುರಿಯುತ್ತಿತ್ತು.

ಸಂಜೆ ಉಜ್ವಲಾ ಕೆಲವು ಫೋಟೊ ಅಳಿಸಿ ಜಾಗ ಮಾಡಿಕೊಂಡ ಮೇಲೆ ಸುರಜ ವಿಡಿಯೊವನ್ನು ನಮ್ಮಿಬ್ಬರಿಗೂ ಕಳಿಸಿದ. ಒಂದು ಪ್ರತಿ ಅವನಲ್ಲೂ ಉಳಿಯಿತು. ನಾವು ಮಾಡಿದ ತಪ್ಪು ಅಷ್ಟೇ: ಬಾಗಿಲು ನಮ್ಮದಿತ್ತು, ಫೋನು ಇನ್ನೊಬ್ಬರದಿತ್ತು.

ಸುರಜ ಫೇಸ್‌ಬುಕ್‌ನಲ್ಲಿ ಊರಿನ ಹೆಸರಿನಲ್ಲಿ ಒಂದು ತಮಾಷೆಯ ಪೇಜ್ ನಡೆಸುತ್ತಿದ್ದ. ನಾನು ಒಡಪು ಹೇಳುವ ತುಂಡನ್ನಷ್ಟೇ ಕತ್ತರಿಸಿ, "ನಮ್ಮೂರ ಹೊಸ ಮದುಮಗಳು ಯಾರು?" ಎಂದು ಬರೆದು, ನಗುವ ಎಮೋಜಿ ಗೊಂಬೆಗಳನ್ನು ಅಂಟಿಸಿ ಹಾಕಿದ. ಮರುದಿನ ಯಾರೋ ಗೊಂಬೆಗಳನ್ನು ತೆಗೆದು ಅಳುವ ಹಾಡು ಸೇರಿಸಿದರು. ಅದರ ಮರುದಿನ ಇನ್ಯಾರೋ ಕೆಳಗೆ ಬರೆದರು: "ಇವಳು ಮನಸ್ಸು ಕೊಟ್ಟವನು ಇವಳ ಗೆಳತಿಯ ಕೈ ಹಿಡಿಯುತ್ತಿದ್ದಾನೆ." ಬೇಡಕಿಹಾಳದಿಂದ ನಿಪ್ಪಾಣಿಗೆ, ನಿಪ್ಪಾಣಿಯಿಂದ ಅಥಣಿಗೆ, ಕಾಗವಾಡಕ್ಕೆ. ನಮ್ಮಲ್ಲಿ ಮದುವೆಯಾಗದ ಹುಡುಗಿ ಒಬ್ಬ ಗಂಡಸಿನ ಹೆಸರನ್ನು ಒಡಪಿನಲ್ಲಿ ಹೇಳಿದಳೆಂದರೆ ಬೇರೆ ಸಾಕ್ಷಿ ಯಾರೂ ಕೇಳುವುದಿಲ್ಲ.

ಲ್ಯಾಬಿನಲ್ಲಿ ಒಬ್ಬ ಹೆಂಗಸು ರಕ್ತ ಕೊಡಲು ತೋಳು ಚಾಚಿ, ಸೂಜಿ ನೋಡದೆ ನನ್ನ ಮುಖ ನೋಡಿ ಕೇಳಿದಳು: "ಆ ಸಂಗ್ರಾಮನ ಹುಡಗಿ ನೀನ ಅಲ್ಲೇನ?"

"ನಾ ಯಾರ ಹುಡಗೀನೂ ಅಲ್ರಿ. ಮುಷ್ಟಿ ಬಿಗಿ ಹಿಡೀರಿ," ಎಂದೆ. ರಕ್ತ ತೆಗೆದು ಸೀಸೆಗೆ ಚೀಟಿ ಅಂಟಿಸಿದೆ. ಆದರೆ ಒಳಗೆ ಬಂದು ಬಹಳ ಹೊತ್ತು ಕೈ ತೊಳೆದೆ.

ಮನೆಯಲ್ಲಿ ಅಣ್ಣ ಬಾಳು ಕಾಯುತ್ತಿದ್ದ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಕೆಲಸಕ್ಕಿದ್ದಾನೆ. ಟ್ರ್ಯಾಕ್ಟರಿನವರು ಇಡೀ ದಿನ ಅವನೆದುರು ಆ ತುಂಡು ಹಚ್ಚಿದ್ದರು.

"ಫೋನ್ ತಾ ಇಲ್ಲಿ. ನಾಳಿಂದ ಚಿಕ್ಕೋಡಿ ಬಂದ್."

"ಫೋನ್ ಕಸಗೊಂಡ್ರ ವಿಡಿಯೊ ನಿಲ್ತೈತೇನ?"

"ಮಂದಿ ಬಾಯಿ ನಿಲ್ತೈತಿ."

"ಮನ್ಯಾಗ ಕುಂತ್ರ ಮಂದಿ ಏನ ಅಂತಾರ ಗೊತ್ತೇನ? ಖರೇ ಐತಿ, ಅದಕ್ಕ ಮಾರಿ ಮುಚ್ಚಕೊಂಡು ಕುಂತಾಳ ಅಂತಾರ."

ಬಾಳು ಕೆಟ್ಟವನಲ್ಲ, ಸಿಟ್ಟು ಬಂದಾಗ ಹತ್ತಿರ ಯಾರಿರುತ್ತಾರೋ ಅವರ ಮೇಲೆ ಹಾಕುತ್ತಾನೆ, ಅಷ್ಟೇ. ಆಮೇಲೆ ತಾನೇ ದಾರಿ ಹುಡುಕಿದ. "ಪೂರಾ ವಿಡಿಯೊ ನಿನ್ನ ಕಡೆ ಐತಲ್ಲ? ಹಾಕಿಬಿಡ. ತಾಲೀಮ ಅಂತ ಎಲ್ಲಾರಿಗೂ ತಿಳೀತದ."

"ಅದರಾಗ ಉಜ್ವಲಾನ ಮಾತ ಅದಾವ."

"ಅದನ್ನ ಕತ್ತರಸಿ ಹಾಕ."

"ಒಂದ ಸಲ ಕತ್ತರಸಿದ್ದಕ್ಕ ಇಷ್ಟ ಆತು. ನಾನೂ ಕತ್ತರಸಿದ್ರ, ಉಳದದ್ದು ಎಲ್ಲಿ ಅಂತ ಕೇಳ್ತಾರ."

ಅದು ಹಾಗೆಯೇ ಆಯಿತು. ಉಜ್ವಲಾ ಫೋನ್ ಮಾಡಿ ಅತ್ತಳು. ಅಲಖನೂರಿನಿಂದ ಅತ್ತೆ ಅಕ್ಕುತಾಯಿ ಕರೆ ಮಾಡಿದ್ದರಂತೆ. ಒಡಪಿನ ತಾಲೀಮು ಎಂದರೆ ಒಪ್ಪಲಿಲ್ಲವಂತೆ. ತುಂಡು ಬೇಡ, ಪೂರಾ ತೋರಿಸಿರಿ, ಇಲ್ಲವಾದರೆ ಹಂದರ ಹಾಕುವುದಿಲ್ಲ ಎಂದರಂತೆ.

"ತೋರಸಿಬಿಡ ಸ್ನೇಹಲ," ಎಂದಳು. "ನಂದ ಏನರ ಆಗ್ಲಿ. ನಿನ್ನ ಹೆಸರ ಕೆಟ್ಟೈತಿ ನನ್ನ ಸಲವಾಗಿ."

"ನಿಂದ ಏನೂ ಆಗಬಾರ್ದು, ನಂದೂ ಏನೂ ಆಗಬಾರ್ದು. ನೀ ಅರಿಷಿಣ ಹಚ್ಚಕೊಂಡ ಸುಮ್ಮ ಕೂಡ. ನಾ ಹೋಗ್ತೀನಿ."

ಹೇಗೆ ಎಂದು ಗೊತ್ತಿರಲಿಲ್ಲ. ಹೋಗುವುದು ಮಾತ್ರ ಖಚಿತವಿತ್ತು.

ಮೊದಲು ಸುರಜನ ಅಂಗಡಿಗೆ ಹೋದೆ. ಬಸ್ ನಿಲ್ದಾಣದ ಎದುರು ರೀಚಾರ್ಜ್ ಮಾಡುವ, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಸಣ್ಣ ಗೂಡು. ನನ್ನನ್ನು ನೋಡಿ ಎದ್ದು ನಿಂತ.

"ಏನ್ ಅಕ್ಕಾ, ಫೇಮಸ್ ಆದಿ! ನಲವತ್ತ ಸಾವಿರ ಮಂದಿ ನೋಡ್ಯಾರ. ಪಾರ್ಟಿ ಯಾವಾಗ?"

"ಪೊಲೀಸ್ ಠಾಣೆದಾಗ ಇಟಗೋಳೂಣೇನ ಪಾರ್ಟಿ? ಚಿಕ್ಕೋಡಿಗಿ ನಾ ದಿನಾ ಹೋಗಾಕಿ."

ಅವನ ಮುಖದ ಬಣ್ಣ ಇಳಿಯಿತು. "ಚೇಷ್ಟಾ ಮಾಡೀನಿ ಬೇ ಅಕ್ಕಾ! ನಗೂ ಗೊಂಬಿ ಹಾಕೀನಿ ನೋಡ, ಸಾಲ ಹಿಡದ ಹಾಕೀನಿ!"

"ನಿನ್ನ ಗೊಂಬಿ ನಿನ್ನ ಕಡೆನ ಉಳದಾವ. ನನ್ನ ಮಾರಿ ಅಷ್ಟ ಊರೂರ ತಿರಗಾಕತ್ತೈತಿ."

ಅವನು ಅಳಿಸಲು ಕೈ ಹಾಕಿದ. ತಡೆದೆ. ಮೊದಲು ಅವನ ಪೇಜಿನ, ಅದರ ದಿನಾಂಕದ, ಕೆಳಗೆ ಬರೆದ ಮಾತುಗಳ ಚಿತ್ರಗಳನ್ನು ನನ್ನ ಫೋನಿನಲ್ಲಿ ತೆಗೆದುಕೊಂಡೆ. ಠಾಣೆಗೆ ಹೋಗಬೇಕಾಗಿ ಬಂದರೆ ಬರಿಗೈಯಲ್ಲಿ ಹೋಗುವಂತಿಲ್ಲ. ಆಮೇಲೆ ಅವನ ಕೈಯಿಂದಲೇ ಬರೆಸಿದೆ: "ನೀವು ನೋಡಿದ ವಿಡಿಯೊ ಒಡಪಿನ ತಾಲೀಮು. ಅವರನ್ನು ಕೇಳದೆ ಕತ್ತರಿಸಿ ಹಾಕಿದವನು ನಾನು, ಸುರಜ. ತಪ್ಪು ನನ್ನದು. ನಿಮ್ಮ ಬಳಿ ಇದ್ದರೆ ಅಳಿಸಿ, ಮುಂದೆ ಕಳಿಸಬೇಡಿ."

"ನನ್ನ ಹೆಸರ ಯಾಕ ಅಕ್ಕಾ? ಪೇಜ್ ಅಡ್ಮಿನ್ ಅಂತ ಬರದ್ರ ಆಗೂದಿಲ್ಲ? ನನಗೂ ಕನ್ಯಾ ನೋಡಾಕತ್ತಾರ."

"ನನ್ನ ಮಾರಿ ಹಾಕೂ ಮುಂದ ಇಷ್ಟ ವಿಚಾರ ಮಾಡಿದ್ದೇನ?"

ಬರೆದ. ಪೇಜಿನ ಎಲ್ಲಕ್ಕಿಂತ ಮೇಲೆ ಅಂಟಿಸಿದ. ತುಂಡನ್ನು ಅಳಿಸಿದ. ಪೂರಾ ವಿಡಿಯೊವನ್ನು ಫೋನಿನಿಂದ, ಅಂಗಡಿಯ ಕಂಪ್ಯೂಟರಿನಿಂದ, ಕಸದ ಬುಟ್ಟಿಯಿಂದಲೂ ನನ್ನೆದುರೇ ತೆಗೆದ. ತುಂಡಿನ ಮುಂದಿನದನ್ನು ನೋಡಿದ್ದೀಯಾ ಎಂದು ಕೇಳಿದೆ. "ಇಲ್ಲ ಬೇ, ಬರೀ ಗುಸುಗುಸು ಇತ್ತು, ಯಾರ ಕುಂದ್ರತಾರ," ಎಂದ. ನಂಬಿದೆ. ಅಷ್ಟು ಹೊತ್ತು ಕೂತು ಕೇಳುವ ತಾಳ್ಮೆ ಅವನಿಗಿಲ್ಲ.

ಅವನ ಕ್ಷಮೆಯನ್ನು ಸಂಜೆಯವರೆಗೆ ಇನ್ನೂರು ಜನ ಓದಿದ್ದರು.

ಮರುದಿನ ಲ್ಯಾಬಿಗೆ ರಜೆ ಹಾಕಿ ಬಾಳುವಿನ ಗಾಡಿಯ ಹಿಂದೆ ಕೂತೆ. ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು. ಬಾಳು ಅವುಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಹಿಂದಕ್ಕೆ ತಿರುಗಿ ಕೂಗುತ್ತಿದ್ದ: "ಅಲ್ಲಿ ಹೋಗಿ ಬಾಯಿ ಜೋರ ಮಾಡಬ್ಯಾಡ! ಕೇಳಿದ್ರ ತೋರಸಿಬಿಡ!" ನಾನು ಗಾಳಿಯಲ್ಲಿ ಕೇಳಿಸದವಳ ಹಾಗೆ ಕೂತೆ.

ಅಕ್ಕುತಾಯಿ ಪಡಸಾಲೆಯಲ್ಲಿ ಮದುವೆಗೆ ಕೊಡುವ ಸೀರೆಗಳನ್ನು ಹರಡಿಕೊಂಡು ಒಂದೊಂದಕ್ಕೂ ಕುಪ್ಪಸದ ಕಣ ಜೋಡಿಸುತ್ತಿದ್ದರು. ದೊಡ್ಡ ಮೂಗುತಿ, ದೊಡ್ಡ ದನಿ. ಮದುವೆ ಬೇಡವೆಂದವರು ಸೀರೆ ಜೋಡಿಸುವುದಿಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಕಂಬಕ್ಕೆ ಒರಗಿ ನಿಂತಿದ್ದವನು ಸಂಗ್ರಾಮನೇ ಇರಬೇಕು.

"ನೀನ ಏನ?" ಎಂದರು ಅಕ್ಕುತಾಯಿ. "ವಿಡಿಯೊದಾಗ ಇದಕಿಂತ ದಪ್ಪ ಕಾಣತಿ."

"ದುಪಟ್ಟಾ ಹೊದ್ದಿದ್ದೆ ಅಲ್ರಿ."

"ನನ್ನ ಮಗನ ಹೆಸರ ನಿನ್ನ ಬಾಯಾಗ ಯಾಕ ಬಂತು?"

"ಉಜ್ವಲಾಗ ಕಲಸಾಕ್ರಿ. ಒಡಪ ಕಟ್ಟೂದ ನನ್ನ ಹವ್ಯಾಸ. ನಿಮ್ಮ ಮಗನ್ನ ನಾ ಇವತ್ತ ಮೊದಲ ನೋಡಾಕತ್ತೀನಿ."

ಸಂಗ್ರಾಮ ಅಂಗಿಯ ಕಾಲರ್ ಸರಿಮಾಡಿಕೊಂಡ.

"ನೋಡಿದ್ರ ಏನ ಅನಸ್ತು?" ಎಂದರು ಅಕ್ಕುತಾಯಿ.

"ಹೆಸರ ಪ್ರಾಸಕ್ಕ ಛಲೋ ಕುಂದರ್ತೈತ್ರಿ. ಉಳದದ್ದ ಉಜ್ವಲಾ ಹೇಳಬೇಕು."

ಬಾಳು ನನ್ನ ಕಾಲಿನ ಮೇಲೆ ಕಾಲಿಟ್ಟ. ಅಕ್ಕುತಾಯಿಯ ತುಟಿ ಒಂದಿಷ್ಟು ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ.

ಆಗ ಒಳಗಿನಿಂದ ನೀರಿನ ತಂಬಿಗೆ ಹಿಡಿದು ದೊಡ್ಡ ಸೊಸೆ ಬಂದಳು. ನೋಡಿದ ಕೂಡಲೇ ಗುರುತು ಹತ್ತಿತು. ಭೋಜ ಊರಿನ ಸುಗಂಧಾ. ನಾಲ್ಕು ವರ್ಷಗಳ ಹಿಂದೆ ಬಸ್ಸಿನಲ್ಲಿ ಒಬ್ಬಳೇ ನನ್ನ ಬಳಿ ಬಂದಿದ್ದಳು. ಗಂಡನ ಹೆಸರು ಅಮಿತ, ಊರು ರಾಯಬಾಗ ಕಡೆ ಎಂದಷ್ಟೇ ಹೇಳಿದ್ದಳು. ಈ ಮನೆಯೆಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ನನ್ನ ಗುರುತು ಹತ್ತಿತ್ತು. ಇಬ್ಬರೂ ತಂಬಿಗೆಯನ್ನು ನೋಡಿದೆವು.

"ತುಂಡ ನೋಡೀನಿ," ಎಂದರು ಅಕ್ಕುತಾಯಿ. "ಪೂರಾ ತೋರಸ. ತಾಲೀಮ ಅಂತ ಕಣ್ಣಲೆ ನೋಡಿದ್ರ ಮುಗೀತು."

"ಪೂರಾ ನನ್ನ ಕಡೆ ಐತ್ರಿ. ತೋರಸಂಗಿಲ್ಲ."

"ಸ್ನೇಹಲ!" ಎಂದ ಬಾಳು.

"ಯಾಕ ತೋರಸಂಗಿಲ್ಲ?"

"ಬಾಗಲಾ ಹಾಕ್ಕೊಂಡ ಗೆಳತ್ಯಾರು ಏನೇನರ ಮಾತಾಡಿರ್ತೀವ್ರಿ. ನಿಮ್ಮ ಲಗ್ನದ ಮುಂದ ನೀವೂ ಮಾತಾಡಿರ್ತೀರಿ. ಅದನ್ನ ಯಾರರ ಹಿಡಕೊಂಡ ಬಂದು ನಿಮ್ಮ ಅತ್ತಿಗ ಕೇಳಸಿದ್ರ?"

"ನನ್ನ ಅತ್ತಿ ನನ್ನ ಕಡದ ಹಾಕ್ತಿದ್ಲು," ಎಂದರು ಅಕ್ಕುತಾಯಿ ತಕ್ಷಣ. ಆಮೇಲೆ ತಮ್ಮ ಮಾತಿಗೆ ತಾವೇ ಮುಖ ಬಿಗಿದರು. "ಅದ ಬ್ಯಾರೆ. ಮತ್ತ ನಿನ್ನ ನಂಬೂದ ಹೆಂಗ? ಹಂಗಾರ ಹಿಂಗ ಮಾಡ. ಒಡಪ ಕಟ್ಟಿಕೊಡ್ತೀನಿ ಅಂತಿ. ಯಾರಿಗಿ ಕಟ್ಟಿಕೊಟ್ಟಿ, ಒಬ್ಬಾಕೀದ ಹೆಸರ ಹೇಳ. ಈಗ ಫೋನ್ ಹಚ್ಚಿ ಕೇಳ್ತೀನಿ."

"ಅದನ್ನೂ ಹೇಳಂಗಿಲ್ರಿ."

"ಇದನ್ನೂ ಹೇಳಂಗಿಲ್ಲ, ಅದನ್ನೂ ತೋರಸಂಗಿಲ್ಲ! ಮತ್ತ ಬಂದಿ ಯಾಕ, ಚಹಾ ಕುಡಿಯಾಕ?"

"ನನ್ನ ಮಾರಿ ನೋಡಿ ನೀವ ಕೇಳಬೇಕಂತ ಬಂದೀನ್ರಿ. ಫೋನಿನ್ಯಾಗಿನ ಮಾರಿ ನೋಡಿ ಅಲ್ಲ."

ಅಕ್ಕುತಾಯಿ ಒಂದು ಹಸಿರು ಸೀರೆಯನ್ನು ಕೊಡವಿ ಮಡಚಿದರು. "ಒಡಪ ಕಲಸಾಕ ಮಾಸ್ತರ್ ಬೇಕಾಗಿತ್ತೇನ? ನನ್ನ ದೊಡ್ಡ ಸೊಸಿ ನೋಡ. ಯಾರ ಕಡೇನೂ ಕಲತಿಲ್ಲ. ತಾನ ಕಟ್ಟಿ, ತಾನ ಹೇಳಿದ್ಲು. ಹಂದರದಾಗಿನ ಮಂದಿ ಚಪ್ಪಾಳಿ ಹೊಡದ್ರು. ಇವತ್ತಿಗೂ ಊರಾಗ ಅದನ್ನ ಹೇಳ್ತಾರ."

ನಾನು ಸುಗಂಧಾಳ ಕಡೆ ನೋಡಲಿಲ್ಲ. ನೋಡಿದ್ದರೆ ಅದೇ ಹೇಳಿದ ಹಾಗೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ನನ್ನ ಹೆಸರು ಉಳಿಸುವ ಮಾತು ಎರಡು ಮಾರು ದೂರದಲ್ಲಿ ತಂಬಿಗೆ ಹಿಡಿದು ನಿಂತಿತ್ತು. ಅದು ನನ್ನ ಮಾತಲ್ಲ.

"ಏಳ ಬಾಳು," ಎಂದೆ. "ಹೋಗೂಣು. ಹೇಳೂದ ಹೇಳೀನಿ."

"ಅತ್ತಿ," ಎಂದಳು ಸುಗಂಧಾ.

ತಂಬಿಗೆಯನ್ನು ನೆಲಕ್ಕಿಟ್ಟಳು. ಕಿವಿಯ ಹಿಂದೆ ಕೂದಲು ಸರಿಸಿದಳು. "ನನ್ನ ಒಡಪ ಇಕೀನ ಕಟ್ಟಿದ್ದು."

ಅಕ್ಕುತಾಯಿ ಸೊಸೆಯ ಕಡೆ ತಿರುಗಿದರು.

"ಏನಂದಿ?"

"ಒಲಿ ಮ್ಯಾಲ ಹಾಲ ಉಕ್ಕತೈತಿ, ಅತ್ತಿ ಮನಿ ಬೆಲ್ಲ ಸವಿ, ಅಮಿತರಾಯರ ಹೆಸರ ಹೇಳತೀನಿ, ಕೊಡ್ರಿ ಎಲ್ಲಾರೂ ಕಿವಿ. ಇದು ಇಕೀದ್ರಿ. ಹಿಂಗ ದುಪಟ್ಟಾ ಹೊದ್ದ ನನ್ನ ಮುಂದ ಹೇಳಿ ತೋರಸಿದ್ಲು. ಅವರ ಹೆಸರ ಮೊದಲ ಇಕೀನ ಹೇಳ್ಯಾಳ, ನನಕಿಂತ ಛಲೋ ಹೇಳ್ಯಾಳ. ಹಂಗಂತ ಅವರ ಇಕೀಗಿ ಗಂಡ ಆಗ್ತಾರೇನ್ರಿ?"

ಅಕ್ಕುತಾಯಿ ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು. "ನಾಲ್ಕ ವರ್ಷ ಊರ ತುಂಬ ಹೇಳಕೋತ ಬಂದೀನಲ್ಲ ಬೇ ನಾ! ನನ್ನ ಸೊಸಿ ತಾನ ಕಟ್ಯಾಳ, ತಾನ ಕಟ್ಯಾಳ ಅಂತ!"

"ನೀವ ಹೇಳಕೋತ ಹೋದ್ರಿ, ನಾ ಸುಮ್ಮ ಕುಂತೆ," ಎಂದಳು ಸುಗಂಧಾ. ಅವಳ ಮುಖ ಕೆಂಪಾಗಿತ್ತು, ಆದರೆ ತಲೆ ತಗ್ಗಿರಲಿಲ್ಲ. "ಛಲೋ ಅನಸ್ತಿತ್ತು."

ಅಕ್ಕುತಾಯಿ ನನ್ನ ಕಡೆ ತಿರುಗಿದರು. "ಕಣ್ಣ ಮುಂದ ನಿಂತಿದ್ಲಲ್ಲ. ಇಕೀನ ಹೆಸರ ಯಾಕ ಹೇಳಲಿಲ್ಲ? ಹೇಳಿದ್ರ ಆಗಳೆ ಮುಗೀತಿತ್ತು."

"ಹೇಳೂದಿದ್ರ ಅವರ ಹೇಳಬೇಕ್ರಿ."

ಮೂಗುತಿ ಒಂದು ಸಲ ಮಿನುಗಿತು. ಆಮೇಲೆ ಆ ದೊಡ್ಡ ದನಿಯಲ್ಲಿ ನಕ್ಕರು. ಮಡಚಿದ ಸೀರೆ ತೊಡೆಯಿಂದ ಜಾರಿತು. "ಹಂಗಾರ ನನ್ನ ಇಬ್ರೂ ಸೊಸಿದೇರಿಗೂ ಇಕಿ ಸವತಿ ಆದ್ಲಲ್ಲೋ! ಸುಗಂಧಾ, ಸವತಿಗಿ ಚಹಾ ಇಡ. ಸಕ್ರಿ ಜಾಸ್ತಿ ಹಾಕ." ನಗು ನಿಂತ ಮೇಲೆ ಬೇರೆ ದನಿಯಲ್ಲಿ ಹೇಳಿದರು: "ವಿಡಿಯೊ ಬ್ಯಾಡ. ಮಂದಿ ಮಾತ ಇಷ್ಟ ಹೊಟ್ಟ್ಯಾಗ ಇಟಗೊಳ್ಳಾಕಿ ನನ್ನ ಮಗನ ಹೆಸರ ಬಜಾರದಾಗ ಒದರಂಗಿಲ್ಲ."

ಸಂಗ್ರಾಮ ಮೊದಲ ಸಲ ಬಾಯಿ ಬಿಟ್ಟ. "ನಾನೂ ಅದನ್ನ ಅಂದಿದ್ದೆ ಅವ್ವಾ."

"ನೀ ಏನ ಅಂದಿದ್ದೆಲೇ? ಗೆಳ್ಯಾರ ಗ್ರೂಪಿಗಿ ಕಳಿಸಿ ಹಲ್ಲ ಕಿಸ್ಯಾಕತ್ತಿದ್ದಿ, ನಾ ನೋಡಿಲ್ಲಂತ ತಿಳದೀಯೇನ? ಎರಡ ಮಂದಿ ಹೆಣ್ಮಕ್ಕಳು ನಿನ್ನ ಸಲವಾಗಿ ಹೊಡದಾಡ್ತಾರಂತ ಮೀಸಿ ತಿರವಿದಿ. ತಾ ಆ ಫೋನ್."

ಅವನು ಕೊಟ್ಟ. ಅದೇ ಗುಂಪಿಗೆ, ಊರಿನ ಗುಂಪಿಗೆ, ಬೀಗರ ಗುಂಪಿಗೆ ಅಕ್ಕುತಾಯಿಯ ದನಿ ಹೋಯಿತು. ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು, ಹೊಲದ ಆಚೆಯವರನ್ನು ಕರೆದ ಹಾಗೆ ಹೇಳಿದರು:

"ನಾ ಅಕ್ಕುತಾಯಿ ಮಾತಾಡಾಕತ್ತೀನಿ. ಆ ಹುಡಗಿ ನಮ್ಮ ಸೊಸಿಗಿ ಒಡಪ ಕಲಸಾಕತ್ತಿದ್ಲು. ನಮ್ಮ ಮನಿ ಲಗ್ನ ನಿಂತಿಲ್ಲ, ನಿಲ್ಲಂಗಿಲ್ಲ. ಇನ್ನ ಮುಂದ ಆ ವಿಡಿಯೊ ಯಾರ ಫೋನಿನ್ಯಾಗ ಕೇಳಸ್ತೈತಿ, ಅವರ ಮನೀಗಿ ನಾ ಬಂದು ಕುಂದರ್ತೀನಿ. ಊಟಾನೂ ಅಲ್ಲೇ ಮಾಡ್ತೀನಿ."

ಸುಗಂಧಾಳ ಒಡಪಿನ ಸಂಗತಿ ಹೇಳಲಿಲ್ಲ. ಸೊಸೆಯ ಕಡೆ ಒಮ್ಮೆ ನೋಡಿ ಫೋನು ಮಗನಿಗೆ ಎಸೆದರು.

ಹಿಂದಿರುಗುವಾಗ ರಾಯಬಾಗದಲ್ಲಿ ಚಹಾದ ಅಂಗಡಿಯ ಮುಂದೆ ನಿಂತೆವು. ನಾನು ಉಜ್ವಲಾಳಿಗೆ ಕರೆ ಮಾಡಿದೆ. ಅಳುತ್ತಾಳೆಂದು ತಿಳಿದಿದ್ದೆ, ಮೆಹಂದಿ ಯಾವಾಗ ಹಚ್ಚಿಸಬೇಕೆಂದು ಕೇಳಿದಳು. ಪೂರಾ ವಿಡಿಯೊ ನನ್ನಲ್ಲಿ ಇದೆ, ಏನು ಮಾಡಲಿ ಎಂದೆ. "ತಗದ ಒಗಿ. ನಾನೂ ಒಗೀತೀನಿ," ಎಂದಳು.

"ಹುಚ್ಚಿ ಇದ್ದಿ," ಎಂದ ಬಾಳು. "ಇರ್ಲಿ ಅದು. ನಾಳೆ ಮತ್ತ ಯಾರರ ಎದ್ದರ? ನಿನ್ನ ಕಡೆ ಇರೂದ ಅದೊಂದ ಸಾಕ್ಷಿ."

"ಸುರಜ ಹಾಕಿದ್ದರ ಚಿತ್ರ ಇಟಗೊಂಡೀನಿ. ಅದು ನಂದ. ಇದು ಅಕೀದ."

ಅಳಿಸಿದೆ. ಫೋನು ಖಚಿತವೇ ಎಂದು ಕೇಳಿತು. ಹೌದು ಎಂದೆ.

ಚಹಾ ಬಂತು. ಅಷ್ಟರಲ್ಲಿ ಆಚೆಯ ಬೆಂಚಿನಿಂದ ನನ್ನದೇ ದನಿ ಕೇಳಿಸಿತು. ಗಾಳಿ, ಕಬ್ಬು, ಸುಳಸುಳ, ಹಿಂದೆ ಅಳುವ ಹಾಡು. ಟವೆಲ್ ಸುತ್ತಿಕೊಂಡ ಒಬ್ಬ ಗಂಡಸು ಪಕ್ಕದವನಿಗೆ ತೋರಿಸುತ್ತಿದ್ದ. ಬಾಳು ಎದ್ದು ಮುಷ್ಟಿ ಕಟ್ಟಿದ. ಅವನನ್ನು ಕೂರಿಸಿ, ನನ್ನ ಕಪ್ಪು ಹಿಡಿದುಕೊಂಡೇ ಹೋಗಿ ಆ ಬೆಂಚಿನ ತುದಿಗೆ ಕೂತೆ.

"ಅದರಾಗ ಇರಾಕಿ ನಾನ್ರಿ," ಎಂದೆ. "ಸ್ನೇಹಲ. ಬೇಡಕಿಹಾಳ. ಏನರ ಕೇಳೂದಿತ್ತೇನ?"

ಅವನು ನನ್ನನ್ನು ನೋಡಿದ, ಫೋನಿನಲ್ಲಿದ್ದ ನನ್ನನ್ನು ನೋಡಿದ. ಬೆರಳು ಎಲ್ಲೆಲ್ಲೋ ಒತ್ತಿತು. ದನಿ ಇನ್ನೂ ಜೋರಾಯಿತು, ಆಮೇಲೆ ನಿಂತಿತು.

"ಇಲ್ರಿ ಅಕ್ಕಾರ... ಯಾರೋ ಕಳಸಿದ್ರು..."

"ಯಾರ ಕಳಸಿದ್ರು?"

ಅವನು ಹೆಸರು ಹೇಳಿದ. ನಾನು ನಂಬರ್ ಕೇಳಿ ನನ್ನ ಫೋನಿಗೆ ಹಾಕಿಕೊಂಡೆ. ಆಮೇಲೆ ಅಲ್ಲೇ ಕೂತು, ಅವನ ಪಕ್ಕದಲ್ಲೇ, ಆ ನಂಬರಿಗೆ ಕರೆ ಹಚ್ಚಿದೆ. ಚಹಾ ಇನ್ನೂ ಬಿಸಿಯಾಗಿತ್ತು.